ವ್ಯಾರಿಕೋಸೀಲ್‌ಗೆ ಬೈಕ್ ಕಾರಣವೇ?

ಪ್ರಶ್ನೆ: ನನಗೆ 31 ವರ್ಷ. ಮದುವೆಯಾಗಿ ಎರಡು ವರ್ಷವಾಯಿತು, ಮಕ್ಕಳಾಗಿಲ್ಲ. ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಬೈಕಿನಲ್ಲೇ ಓಡಾಟ, ಮನೆಗೆ ಬಂದ ಮೇಲೂ ತೊಡೆಯ ಮೇಲೆ ಲ್ಯಾಪ್‌ಟಾಪ್. ಸಂಜೆಯಾದರೆ ಎಡಗಡೆಯ ವೃಷಣ ಜಗ್ಗಿದಂತೆ ನೋಯುತ್ತದೆ. ಸ್ಕ್ಯಾನಿಂಗ್‌ನಲ್ಲಿ ವ್ಯಾರಿಕೋಸೀಲ್ ಎಂದು ಬಂದಿದೆ. ಬೈಕಿನಿಂದ ಹೀಗಾಯಿತೇ? ಆಪರೇಷನ್ ಬೇಕೇ? ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಂಡರೆ ಸರಿಹೋಗುತ್ತದೆ ಎಂದು ಜಿಮ್‌ನಲ್ಲಿ ಹೇಳುತ್ತಾರೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಆ ಇಂಜೆಕ್ಷನ್ ಖಂಡಿತ ಬೇಡ. ಹೊರಗಿನಿಂದ ಟೆಸ್ಟೋಸ್ಟಿರಾನ್ ಸಿಕ್ಕರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಸೂಚನೆ ಕೊಡುವುದನ್ನೇ ನಿಲ್ಲಿಸುತ್ತದೆ. ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ಬಿಟ್ಟ ಮೇಲೂ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು.

ಬೈಕನ್ನು ದೂರಬೇಡಿ. ವೃಷಣದಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ನಾಳಗಳೊಳಗೆ ಸಣ್ಣ ಕವಾಟಗಳಿರುತ್ತವೆ. ಅವು ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ರಕ್ತ ಕೆಳಗೇ ನಿಂತು ನಾಳಗಳು ಹಿಗ್ಗುತ್ತವೆ. ಇದೇ ವ್ಯಾರಿಕೋಸೀಲ್. ಎಡಗಡೆಯ ನಾಳ ಬಲಗಡೆಯದಕ್ಕಿಂತ ಉದ್ದ, ಅದೂ ಮೂತ್ರಪಿಂಡದ ನಾಳಕ್ಕೆ ಲಂಬಕೋನದಲ್ಲಿ ಸೇರುತ್ತದೆ. ಅದಕ್ಕೇ ತೊಂದರೆ ಹೆಚ್ಚಾಗಿ ಎಡಕ್ಕೆ. ಸುಮಾರು ನೂರಕ್ಕೆ 15 ಗಂಡಸರಲ್ಲಿ ಇದು ಇರುತ್ತದೆ, ಅವರಲ್ಲಿ ಬಹಳಷ್ಟು ಮಂದಿಗೆ ಮಕ್ಕಳಾಗಿವೆ.

ವೃಷಣಗಳಿಗೆ ದೇಹಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಶಾಖ ಬೇಕು. ನಿಂತ ರಕ್ತ ಆ ತಂಪನ್ನು ಕೆಡಿಸುತ್ತದೆ. ಅದರ ಮೇಲೆ ಲ್ಯಾಪ್‌ಟಾಪ್, ಬಿಗಿ ಜೀನ್ಸ್, ಸುಡುನೀರಿನ ಟಬ್ ಸ್ನಾನ ಸೇರಿದರೆ ಹೊರೆ ಹೆಚ್ಚುತ್ತದೆ. ಲ್ಯಾಪ್‌ಟಾಪ್ ಮೇಜಿನ ಮೇಲಿರಲಿ. ಸಿಗರೇಟು, ಗುಟ್ಕಾ ಪೂರ್ತಿ ಬಿಡಿ, ಹೊಟ್ಟೆಯ ಬೊಜ್ಜು ಇಳಿಸಿ. ಇದರಿಂದ ಹಿಗ್ಗಿದ ನಾಳ ಕುಗ್ಗುವುದಿಲ್ಲ, ಆದರೆ ವೀರ್ಯಾಣುಗಳ ಗುಣಮಟ್ಟ ಸುಧಾರಿಸಬಹುದು. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ ಮೂರು ತಿಂಗಳಾದರೂ ಕಾಯಿರಿ.

ಆಪರೇಷನ್ ಬೇಕೋ ಬೇಡವೋ ಎಂಬುದನ್ನು ಸ್ಕ್ಯಾನಿಂಗ್ ಒಂದೇ ಹೇಳಲಾರದು. ವೀರ್ಯ ಪರೀಕ್ಷೆ ಮುಖ್ಯ. 2ರಿಂದ 7 ದಿನ ಸಂಭೋಗ, ಹಸ್ತಮೈಥುನ ಎರಡೂ ಇಲ್ಲದೆ ಇದ್ದು ಸ್ಯಾಂಪಲ್ ಕೊಡಿ. ಸಾಧ್ಯವಾದರೆ ಲ್ಯಾಬ್‌ನಲ್ಲೇ ಕೊಡಿ. ಮನೆಯಿಂದ ಒಯ್ದರೆ ಒಂದು ಗಂಟೆಯೊಳಗೆ ತಲುಪಬೇಕು, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡರೆ ಅದು ಕಷ್ಟ. ಡಬ್ಬಿಯನ್ನು ಬೈಕಿನ ಡಿಕ್ಕಿಯಲ್ಲಿಡದೆ ಅಂಗಿಯೊಳಗೆ ಮೈಗೆ ತಾಗಿಸಿಟ್ಟುಕೊಳ್ಳಿ. ಸೋಪು, ಎಂಜಲು, ಕಾಂಡೋಮ್ ಬಳಸಬೇಡಿ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅವು ಹೊರಗೆ ಚೆಲ್ಲಿದ್ದರೆ ಲ್ಯಾಬ್‌ನವರಿಗೆ ಹೇಳಿ. ಮೂರು ತಿಂಗಳೊಳಗೆ ಡೆಂಗ್ಯೂ ಅಥವಾ ಜೋರು ಜ್ವರ ಬಂದಿದ್ದರೆ ಅದನ್ನೂ ತಿಳಿಸಿ, ಲೆಕ್ಕ ಕಡಿಮೆ ಬರಬಹುದು. ಒಂದು ವರದಿ ನೋಡಿ ಗಾಬರಿಯಾಗಬೇಡಿ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಪ್ರತಿ ಮಿಲಿಲೀಟರ್‌ಗೆ 1 ಕೋಟಿ 60 ಲಕ್ಷ ವೀರ್ಯಾಣು, ಅವುಗಳಲ್ಲಿ ಚಲಿಸುವಂಥವು ಶೇ. 42 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೆಳಮಿತಿ. ಅದಕ್ಕಿಂತ ಕಡಿಮೆ ಇದ್ದ ಮಾತ್ರಕ್ಕೆ ಮಕ್ಕಳಾಗುವುದೇ ಇಲ್ಲ ಎಂದಲ್ಲ.

ವೈದ್ಯರ ಕೈಗೆ ನಾಳಗಳ ಗಂಟು ಸಿಗುವಂತಿದ್ದು, ವರದಿಯೂ ಕೆಟ್ಟಿದ್ದರೆ ಮೈಕ್ರೋಸ್ಕೋಪ್ ಬಳಸಿ ಮಾಡುವ ಆಪರೇಷನ್ ಒಳ್ಳೆಯದು. ಫಲ ಕಾಣಲು 3ರಿಂದ 6 ತಿಂಗಳು ಬೇಕು. ನಿಮ್ಮ ಪತ್ನಿಗೆ 35 ದಾಟಿದ್ದರೆ ಕಾಯುವುದು ಸರಿಯೇ ಎಂದು ಮೊದಲೇ ಚರ್ಚಿಸಿ. ಅವರ ತಪಾಸಣೆಯೂ ಜೊತೆಜೊತೆಗೇ ನಡೆಯಲಿ. ವರದಿ ಸರಿಯಿದ್ದರೆ, ನೋವಿಗೆ ಆಧಾರ ಕೊಡುವ ಒಳಉಡುಪು ಸಾಕಾಗಬಹುದು.

ಅಂಗಾತ ಮಲಗಿದಾಗ ಊತ ಇಳಿಯುತ್ತದೆಯೇ ನೋಡಿಕೊಳ್ಳಿ. ಇಳಿಯದಿದ್ದರೆ, ಅಥವಾ ಇದ್ದಕ್ಕಿದ್ದಂತೆ ಕಾಣಿಸಿಕೊಂಡಿದ್ದರೆ ಮೂತ್ರಪಿಂಡದ ಸ್ಕ್ಯಾನಿಂಗ್ ತಡಮಾಡದೆ ಮಾಡಿಸಿ.