ಸಮಿತಿಯಲ್ಲಿ ಕುರ್ಚಿ ಸಿಕ್ಕ ಹುಡುಗ

(ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹುಡುಗ ಮತ್ತು ಅವನ ತಾಯಿ ಒಪ್ಪಿದ ಮೇಲೆ ಬರೆದದ್ದು.)

17 ವರ್ಷದ ಹುಡುಗ. ಮೂರು ವಾರಗಳಿಂದ ನಿದ್ದೆ ಇಲ್ಲವೆಂದು ತಾಯಿ ನನ್ನ ಬಳಿ ಸಮಾಲೋಚನೆಗೆ ಕರೆತಂದಿದ್ದರು. ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ ಕೂತಿದ್ದ. ಅದು ಗುಂಯ್‌ಗುಟ್ಟಿದಾಗಲೆಲ್ಲ ಮಾತು ನಿಲ್ಲಿಸುತ್ತಿದ್ದ, ಎತ್ತಿ ಮಾತ್ರ ನೋಡುತ್ತಿರಲಿಲ್ಲ.

ತಾಯಿ ಹೊರಗೆ ಹೋದ ಮೇಲೆ ನನ್ನ ನಿಯಮ ತಿಳಿಸಿದೆ: "ನೀನು ಹೇಳಿದ್ದು ಈ ಕೋಣೆ ದಾಟುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಮಾತ್ರ ನಾನು ಸುಮ್ಮನಿರಲಾರೆ. ಆಗಲೂ ಮೊದಲು ನಿನಗೇ ತಿಳಿಸುತ್ತೇನೆ." ಸ್ವಲ್ಪ ಹೊತ್ತು ಯೋಚಿಸಿ ಬಾಯಿಬಿಟ್ಟ.

ಹುಡುಗರ ಎರಡು ಗುಂಪುಗಳ ಹೊಡೆದಾಟದಲ್ಲಿ ಒಬ್ಬನ ಕೈ ಮುರಿದಿತ್ತು. ಹಿರಿಯರು ಸೇರಿ ಹಿಂಸೆ ತಡೆಯಲೆಂದು ಸಮಿತಿ ಮಾಡಿದರು, ಇವನನ್ನು 'ಯುವ ಪ್ರತಿನಿಧಿ'ಯಾಗಿ ತಾವೇ ಆರಿಸಿಕೊಂಡರು. ಮೊದಲ ಸಭೆಯಲ್ಲಿ ಫೋಟೋ ತೆಗೆದರು. ಎರಡನೆಯದರಲ್ಲಿ ಒಬ್ಬರು ಕೇಳಿದರು, "ಅವತ್ತು ಯಾರ್‍ಯಾರಿದ್ದರು, ನಿನಗೆ ಗೊತ್ತಿರಬೇಕಲ್ಲ?" ಇವನು ತುಟಿ ಬಿಚ್ಚಲಿಲ್ಲ. ಆದರೂ ಅಂದು ರಾತ್ರಿಯೇ ಸಂದೇಶ ಬಂತು: 'ಒಂದೊಂದು ಹೆಸರಿಗೆ ಎಷ್ಟು ಕೊಟ್ಟರು?'

ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲಿನ ಏಣಿಯಾಗಿ ತೋರಿಸಿದ್ದಾರೆ. ಕೆಳಗಿನ ಮೂರು ಮೆಟ್ಟಿಲು, ಅಂದರೆ ಮಕ್ಕಳನ್ನು ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಸೇರಿಸಿಕೊಳ್ಳುವುದು, ಪಾಲ್ಗೊಳ್ಳುವಿಕೆಯೇ ಅಲ್ಲ. ಫೋಟೋ ತೆಗೆದ ದಿನ ಈ ಹುಡುಗ ಅಲಂಕಾರದ ಮೆಟ್ಟಿಲಲ್ಲಿದ್ದ. ಆ ಪ್ರಶ್ನೆ ಬಂದಾಗ ಏಣಿಯಿಂದಲೇ ಕೆಳಗೆ ಬಿದ್ದ. ಕೇಳಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ನಿಜ. ಪೆಟ್ಟು ಬಿದ್ದದ್ದು ಮಾತ್ರ ಇವನಿಗೆ.

ಇವನಿಗೆ ಗೊತ್ತಿದ್ದದ್ದನ್ನು ಯಾರೂ ಕೇಳಿಯೇ ಇರಲಿಲ್ಲ. ನಾನೊಂದು ಹಾಳೆ ಕೊಟ್ಟೆ. ಶಾಲೆಯ ಗೇಟು, ಹಿಂದಿನ ಗೋಡೆ, ಬಸ್ ನಿಲ್ದಾಣ ಬರೆದು, ಗೋಡೆಯ ಮಗ್ಗುಲನ್ನು ಪೆನ್ನಿನಿಂದ ಕಪ್ಪಾಗುವವರೆಗೆ ತಿದ್ದಿದ. ಜಗಳವೆಲ್ಲ ಶಾಲೆ ಬಿಟ್ಟು ಬಸ್ಸು ಬರುವವರೆಗಿನ 15 ನಿಮಿಷದಲ್ಲಿ. ಆದರೆ ಸಮಿತಿ ಹಾಕಿಸಿದ್ದು ಮೈದಾನಕ್ಕೆ ರಾತ್ರಿಯ ದೀಪ! "ಇನ್ನೊಂದು ವಿಷಯ ಸರ್, ಸುತ್ತ ನಿಂತವರು ಮೊಬೈಲ್ ಎತ್ತಿದರೆ ಮುಗಿಯಿತು. ಆಮೇಲೆ ಇಬ್ಬರಿಗೂ ಹಿಂದೆ ಸರಿಯಲು ಆಗುವುದಿಲ್ಲ." ಇಷ್ಟು ವರ್ಷ ಈ ಕೆಲಸ ಮಾಡಿದ ನನಗೂ ಇದು ಹೊಳೆದಿರಲಿಲ್ಲ.

ಯಾರಾದರೂ ಆಯುಧದ ಮಾತೆತ್ತಿದ್ದಾರೆಯೇ ಎಂದು ನೇರವಾಗಿ ಕೇಳಿದೆ. ಇಲ್ಲವೆಂದ. ಅಂಥ ಸಂದೇಶ ಬಂದರೆ ಅಳಿಸಬೇಡ, ಉತ್ತರಿಸಬೇಡ, ಅದೇ ದಿನ ಅಮ್ಮನಿಗೂ ನನಗೂ ತೋರಿಸು ಎಂದೆ. ಜಗಳ ಬಿಡಿಸಲು ನಡುವೆ ಹೋಗಬೇಡ, ಅದಕ್ಕೆ ತರಬೇತಿ ಪಡೆದ ದೊಡ್ಡವರು ಬೇಕು. ಸಮಿತಿಯಲ್ಲಿ ಇರಲೇಬೇಕೆಂದಿಲ್ಲ, ಬಿಟ್ಟರೆ ಹೇಡಿಯೂ ಅಲ್ಲ. ರಾತ್ರಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಅವನ ಒಪ್ಪಿಗೆ ಪಡೆದು ಸಮಿತಿಯವರನ್ನೂ ಕಂಡೆ. ಹುಡುಗರಿಂದ ಹೆಸರು ಕೇಳುವುದಿಲ್ಲವೆಂದು ಎಲ್ಲರೆದುರು ಹೇಳಿ, ತನಿಖೆ ಪೊಲೀಸರ ಪಾಲಿಗೆ ಬಿಡಿ ಎಂದೆ. ಪ್ರತಿನಿಧಿಗಳನ್ನು ಹುಡುಗರೇ ಆರಿಸಿಕೊಳ್ಳಲಿ, ಒಬ್ಬಂಟಿಯಾಗಿ ಕೂರಿಸಬೇಡಿ, ಸಣ್ಣದೊಂದು ಮೊತ್ತದ ಖರ್ಚನ್ನು ಅವರ ತೀರ್ಮಾನಕ್ಕೆ ಕೊಡಿ ಎಂದೆ. 'ಪುಂಡರನ್ನು' ಜೈಲಿಗೆ ಕರೆದೊಯ್ದು ಹೆದರಿಸುವ ಯೋಜನೆಯೂ ಅವರ ಪಟ್ಟಿಯಲ್ಲಿತ್ತು. ಅದನ್ನು ಕೈಬಿಡಲೇಬೇಕೆಂದು ಪಟ್ಟು ಹಿಡಿದೆ. ಅಮೆರಿಕದಲ್ಲಿ ನಡೆದ ಇಂಥ ಜೈಲು ಭೇಟಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೋಗದವರಿಗಿಂತ ಹೋಗಿ ಬಂದ ಹುಡುಗರೇ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂದಿದೆ. ಕಿರಿಕಿರಿಯ ಹುಡುಗರನ್ನಷ್ಟೇ ಒಂದೆಡೆ ಕೂಡಿಹಾಕಿದರೂ ಅದೇ ಅಪಾಯ, ಅಲ್ಲಿ ಒಬ್ಬನ ಪುಂಡಾಟಕ್ಕೆ ಇನ್ನೊಬ್ಬನ ನಗುವೇ ಬಹುಮಾನ.

ಜೈಲಿನ ಯೋಜನೆ ಬಿಟ್ಟರು. ಹೆಸರು ಕೇಳುವುದಿಲ್ಲವೆಂದು ಬರೆದು ಅಂಟಿಸಿದರು. ಹಣದ ವಿಷಯಕ್ಕೆ ಮಾತ್ರ ಜಗ್ಗಲಿಲ್ಲ, 'ನೋಡೋಣ' ಎಂದರು. ಆ 15 ನಿಮಿಷಕ್ಕೆ ಗೋಡೆಯ ಬಳಿ ಈಗ ಇಬ್ಬರು ಶಿಕ್ಷಕರು ನಿಲ್ಲುತ್ತಾರೆ.

ಹುಡುಗ ಸದಸ್ಯತ್ವ ಬಿಟ್ಟಿದ್ದಾನೆ. ನಕ್ಷೆಯ ಚರ್ಚೆ ಇರುವ ಸಭೆಗೆ ಗೆಳೆಯರೊಂದಿಗೆ ಬರುತ್ತಾನಂತೆ, ಫೋಟೋ ತೆಗೆಯಬಾರದೆಂಬ ಷರತ್ತಿನ ಮೇಲೆ. ಹೆಚ್ಚಿನ ದಿನ ಹನ್ನೊಂದಕ್ಕೆ ನಿದ್ದೆ ಬರುತ್ತಿದೆ. ಸಭೆಯ ಹಿಂದಿನ ರಾತ್ರಿ ಮಾತ್ರ ಇನ್ನೂ ಇಲ್ಲ.