ಒಂದೇ ಮನೆ, ನಾಲ್ಕು ಥರದ ಹಾಲು

(ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಕಲಬುರಗಿಯ ಹಳೇ ಓಣಿಯೊಂದರ ಕುಟುಂಬ. ಅತ್ತೆ, ಮಾವ, ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ಹತ್ತು ತಿಂಗಳ ಕೂಸು. ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಇಬ್ಬರನ್ನೂ ಸಲಹೆಗೆ ಅಂತ ನನ್ನ ಬಳಿಗೆ ಮಗನೇ ಕರೆದುಕೊಂಡು ಬಂದಿದ್ದರು. ಜಗಳ ಯಾವುದಕ್ಕೆ ಅಂತ ಕೇಳಿದರೆ ತಲೆ ತಗ್ಗಿಸಿ, ‘ಹಾಲಿಂದರಿ ಮೇಡಂ’ ಅಂದರು.

ಗೌಳಿ ದಿನಾ ಎರಡು ಲೀಟರ್ ಎಮ್ಮೆ ಹಾಲು ಹಾಕುತ್ತಾನೆ. ಅದು ಅತ್ತೆಯ ವ್ಯವಹಾರ. ಸೊಸೆ ಮೊಬೈಲ್‌ನಲ್ಲಿ ಓದಿಕೊಂಡು ಗಂಡನ ಕೊಲೆಸ್ಟ್ರಾಲ್‌ಗೆ ಬಾದಾಮಿ ಹಾಲು (ಬಾದಾಮಿ ರುಬ್ಬಿ ನೀರಲ್ಲಿ ಮಾಡಿದ್ದು, ದನದ ಹಾಲು ಇರುವುದಿಲ್ಲ), ಮಾವನ ಹೊಟ್ಟೆಯುಬ್ಬರಕ್ಕೆ ಎ2 ಹಾಲು (ಎ2 ಅನ್ನುವ ಬಗೆಯ ಪ್ರೋಟೀನ್ ಇದೆ ಅಂತ ಮಾರುವ ಹಸುವಿನ ಹಾಲು), ಮಗಳಿಗೆ ಟೋನ್ಡ್ ಪ್ಯಾಕೆಟ್ ತರಿಸತೊಡಗಿದರು. ಫ್ರಿಜ್ ತುಂಬಿತು, ಖರ್ಚು ಏರಿತು. ಅತ್ತೆಗೆ ಬೇರೆಯೇ ನೋವು. ‘ನಾಕ ಮಕ್ಕಳಿಗಿ ಇದೇ ಹಾಲ ಕುಡಿಸಿ ದೊಡ್ಡೋರ ಮಾಡೀನ್ರಿ. ಈಗ ನನ್ನ ಕೈಯಾನ ಹಾಲು ಇಷ ಆಗ್ಯಾದೇನು?’ ಅಂತ ಕೇಳುವಾಗ ಅವರ ಗಂಟಲು ಕಟ್ಟಿತ್ತು. ಸೊಸೆಯ ಸಂಕಟವೂ ಸಣ್ಣದಲ್ಲ: ‘ಕೂಸಿಗಿ ರಕ್ತ ಕಮ್ಮಿ ಅದಂತ ಡಾಕ್ಟರ್ ಹೇಳ್ಯಾರ್ರಿ. ಅತ್ತಿಯವರು ಬಾಟಲಿಯಾಗ ಎಮ್ಮಿ ಹಾಲಿಗಿ ನೀರ ಹಾಕಿ ಕುಡಿಸೋದು ಬಿಡವಲ್ಲರು.’

ಯಾರು ಸರಿ ಅಂತ ತೀರ್ಪು ಕೊಡುವ ಬದಲು ಒಂದು ಕೆಲಸ ಹೇಳಿದೆ. ಒಂದು ವಾರ ಯಾರು, ಯಾವಾಗ, ಎಷ್ಟು ಹಾಲು ಕುಡಿದರು, ಆಮೇಲೆ ಏನಾಯಿತು ಬರೆಯಿರಿ. ಬರೆಯುವ ಜವಾಬ್ದಾರಿ ಮೊಮ್ಮಗಳಿಗೆ, ಹೇಳುವುದು ಅಜ್ಜಿ.

ಆ ನೋಟ್‌ಬುಕ್ ಹಾಳೆ ಬಹಳ ಹೇಳಿತು. ಮಾವನಿಗೆ ಹೊಟ್ಟೆ ಉಬ್ಬುವುದು ರಾತ್ರಿ ದೊಡ್ಡ ಲೋಟದ ಹಾಲು ಕುಡಿದಾಗ ಮಾತ್ರ. ಚಹಾ, ಮೊಸರು, ಮಜ್ಜಿಗೆ ಏನೂ ಮಾಡುವುದಿಲ್ಲ. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಅರಗದವರಿಗೆ ಹೀಗಾಗುತ್ತದೆ. ಮೊಸರಾಗುವಾಗ ಅದರಲ್ಲಿ ಒಂದಷ್ಟು ಒಡೆದಿರುತ್ತದೆ. ಎ2 ಹಾಲಿನಲ್ಲೂ ಲ್ಯಾಕ್ಟೋಸ್ ಅಷ್ಟೇ ಇರುತ್ತದೆ, ದುಡ್ಡು ಸುಮ್ನೆ ಹೋಗುತ್ತಿತ್ತು. ರಾತ್ರಿ ಹಾಲು ಬೇಕೇ ಬೇಕಾದರೆ ಲ್ಯಾಕ್ಟೋಸ್ ಇಲ್ಲದ ಹಾಲು ಸಿಗುತ್ತದೆ. ಮಾವ ಮಜ್ಜಿಗೆಯೇ ಸಾಕು ಅಂದರು.

ಇನ್ನೊಂದು ಸಾಲು ನೋಡಿ ನಾನು ನಿಂತೆ. ‘ಅಜ್ಜಿ, ಬೆಳಿಗ್ಗೆ 6: ಚಾ, ಗುಳಿಗಿ.’ ಅದು ಥೈರಾಯ್ಡ್ ಗುಳಿಗೆ! ಎಷ್ಟು ನುಂಗಿದರೂ ಹತೋಟಿಗೆ ಬರುತ್ತಿಲ್ಲ ಅಂತ ಡೋಸ್ ಏರಿಸಿದ್ದರಂತೆ. ಆ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು, ಅರ್ಧದಿಂದ ಒಂದು ತಾಸು ಬಿಟ್ಟು ಚಹಾ ಕುಡಿಯಬೇಕು. ಕ್ಯಾಲ್ಸಿಯಂ ಗುಳಿಗೆ ಇದ್ದರೆ ನಾಲ್ಕು ತಾಸಿನ ಅಂತರ ಬೇಕು. ಆದರೆ ಡೋಸ್ ಏರಿಸಿದ್ದು ಡಾಕ್ಟರು, ಇಳಿಸುವುದೂ ಅವರೇ. ಇದನ್ನು ಅವರಿಗೆ ಹೇಳಿ, ರಕ್ತ ಪರೀಕ್ಷೆ ಮತ್ತೆ ಮಾಡಿಸಿ ಅಂದೆ.

ಮಗನ ಕೊಲೆಸ್ಟ್ರಾಲ್‌ಗೆ ಬಾದಾಮಿ ಹಾಲು ಕಡ್ಡಾಯವೇನಲ್ಲ. ಪ್ಯಾಕೆಟ್‌ನ ಬಾದಾಮಿ ಹಾಲಿನಲ್ಲಿ ಹೆಚ್ಚಿನ ಪಾಲು ನೀರೇ, ಪ್ರೋಟೀನ್ ಬಹಳ ಕಡಿಮೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಶೇ. 6–7ರಷ್ಟು, ಟೋನ್ಡ್ ಹಾಲಿನಲ್ಲಿ ಶೇ. 3, ಡಬಲ್ ಟೋನ್ಡ್‌ನಲ್ಲಿ ಶೇ. 1.5. ಮಗನಿಗೂ, ಸಕ್ಕರೆ ಕಾಯಿಲೆ ಇರುವ ಅತ್ತೆಗೂ ಡಬಲ್ ಟೋನ್ಡ್ ಒಂದೇ ಪ್ಯಾಕೆಟ್ ಸಾಕು. ಅತ್ತೆಯ ಚಹಾಕ್ಕೆ ಸಕ್ಕರೆ ಹಾಕಬಾರದು. ಉಳಿದವರಿಗೆ ಗೌಳಿಯ ಹಾಲು ಒಂದು ಲೀಟರ್ ಇರಲಿ, ಚೆನ್ನಾಗಿ ಕುದಿಸಿ. ಕೆನೆ ತೆಗೆದು ತುಪ್ಪ ಕಾಯಿಸುವುದು ಅತ್ತೆಯದೇ ಕೆಲಸ. ಇದನ್ನು ನಾನು ಬೇಕೆಂದೇ ಗಟ್ಟಿಯಾಗಿ ಹೇಳಿದೆ. ಹಾಲಿನ ಪಾತ್ರೆ ಕೈತಪ್ಪಿದರೆ ಮನೆಯೇ ಕೈತಪ್ಪಿತು ಅನ್ನಿಸುವ ವಯಸ್ಸದು.

ಕೂಸಿನ ವಿಷಯದಲ್ಲಿ ಮಾತ್ರ ರಾಜಿ ಮಾಡಲಿಲ್ಲ. ಒಂದು ವರ್ಷ ತುಂಬುವ ತನಕ ಹಸು, ಎಮ್ಮೆ, ಆಡು ಯಾವ ಹಾಲನ್ನೂ ತಾಯಿಹಾಲಿನ ಬದಲು ಕುಡಿಸಬಾರದು. ಆ ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಹೊಟ್ಟೆ ಹಾಲಿನಿಂದಲೇ ತುಂಬಿದರೆ ಕೂಸು ಊಟ ಬಿಡುತ್ತದೆ. ನೀರು ಬೆರೆಸಿದರೆ ಹಾಲಿನ ಸತ್ವವೂ ಹೋಯಿತು. ತಾಯಿಹಾಲು ಎರಡು ವರ್ಷದವರೆಗೂ ಇರಲಿ. ಜೊತೆಗೆ ತೊಗರಿ ಬೇಳೆ, ರಾಗಿ, ಮೆತ್ತಗೆ ಬೆಂದ ಸೊಪ್ಪು, ಸ್ವಲ್ಪ ಮೊಸರು. ಬಾಟಲಿ ಬೇಡ, ಬಟ್ಟಲು ಚಮಚ ಸಾಕು. ಡಾಕ್ಟರು ಕೊಟ್ಟ ಕಬ್ಬಿಣದ ಹನಿಗಳನ್ನು ಹಾಲಿನ ಜೊತೆ ಕೊಡಬಾರದು. ಹಾಲು ಕುಡಿದ ಮೇಲೆ ದದ್ದು, ವಾಂತಿ, ಮಲದಲ್ಲಿ ರಕ್ತ ಕಂಡರೆ ಅದು ಅಲರ್ಜಿ ಇರಬಹುದು. ಆಗ ಹಾಲು ಬದಲಿಸುತ್ತಾ ಕೂರದೆ ಮಕ್ಕಳ ಡಾಕ್ಟರ ಬಳಿ ಓಡಬೇಕು.

ಅತ್ತೆ ತುಂಬಾ ಹೊತ್ತು ಸುಮ್ಮನಿದ್ದರು. ‘ಬ್ಯಾಳಿ ಕಟ್ಟು ನಾನೇ ಮಾಡಿ ಉಣಸ್ತೀನಿ’ ಅಂದರು. ಸೊಸೆ, ‘ತುಪ್ಪಾನೂ ಹಾಕ್ರಿ ಅತ್ತಿ’ ಅಂದರು. ಎಷ್ಟೋ ದಿನದ ಮೇಲೆ ನೇರವಾಗಿ ಆಡಿದ ಮಾತದು.

ಎಲ್ಲ ಬಗೆಹರಿದಿಲ್ಲ. ಮೊಮ್ಮಗಳ ಹಾಲಿಗೆ ಅಜ್ಜಿ ಹಾಕುವ ಸಿಹಿ ಪುಡಿಯ ಬಗ್ಗೆ ಇನ್ನೂ ತಕರಾರಿದೆ. ಮುಂದಿನ ಸಲ ಬರುವಾಗ ಆ ಡಬ್ಬಿಯನ್ನೇ ತನ್ನಿ, ಅದರ ಮೇಲೆ ಸಕ್ಕರೆ ಎಷ್ಟು ಅಂತ ಬರೆದಿರುತ್ತಾರೆ, ಮೂವರೂ ಕೂತು ಓದೋಣ ಅಂತ ಹೇಳಿ ಕಳಿಸಿದ್ದೇನೆ.