ಕಾಚಂಪುಳಿ ಬೆಂಗಳೂರಿಗೋ, ಅಮೆರಿಕಕ್ಕೋ?

ಪ್ರಶ್ನೆ: ಕೊಡಗಿನ ಗೋಣಿಕೊಪ್ಪದ ಹತ್ತಿರ ನಮ್ಮದು ಮೂರು ಎಕರೆ ಕಾಫಿ ತೋಟ. ಮನೆಯಲ್ಲೇ ಕಾಫಿಪುಡಿ ಮಾಡುತ್ತೇವೆ. ಕಾಳುಮೆಣಸು, ಜೇನು, ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿಯೂ ಇದೆ. ಸದ್ಯ ವಾಟ್ಸಾಪ್‌ನಲ್ಲೇ ವ್ಯಾಪಾರ. ಅಕ್ಕನ ಮಗ ಆನ್‌ಲೈನ್ ಅಂಗಡಿ ತೆರೆದು, ಡಾಲರ್‌ನಲ್ಲಿ ಬೆಲೆ ಹಾಕಿ, ಇಡೀ ಜಗತ್ತಿಗೆ ಮಾರೋಣ ಅನ್ನುತ್ತಾನೆ. ಮಾಡಬಹುದಾ?

ಉತ್ತರ: ಅಂಗಡಿ ಖಂಡಿತ ಮಾಡಿ. ಡಾಲರ್ ಬೆಲೆ ಮಾತ್ರ ಈಗಲೇ ಬೇಡ.

ಮೊದಲು ವಾಟ್ಸಾಪ್ ತೆರೆದು, ಹೋದ ವರ್ಷ ಯಾರ್ಯಾರು ತರಿಸಿಕೊಂಡರು ಅಂತ ಬರೆದುಕೊಳ್ಳಿ. ನಾನು ನೋಡಿದ ಇಂಥ ಪಟ್ಟಿಗಳಲ್ಲಿ ಜಾಸ್ತಿ ಇರುವವರು ಬೆಂಗಳೂರು, ಮೈಸೂರಿನಲ್ಲಿ ನೆಲೆಸಿದ ನಮ್ಮವರು. ಆಮೇಲೆ ಇಲ್ಲಿನ ಹೋಂಸ್ಟೇಗಳಿಗೆ ಬಂದು ಹೋದವರು. ಕಾಚಂಪುಳಿ ಅಂದರೇನು ಅಂತ ಇವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಪಂದಿಕರಿ (ಹಂದಿ ಮಾಂಸದ ಸಾರು) ಮಾಡುವ ಮನೆಯಲ್ಲಿ ವಿನೆಗರ್ ಹಾಕಿದರೆ ಆಗುವುದಿಲ್ಲ, ಆ ಕಪ್ಪು ಹುಳಿಯೇ ಬೇಕು. ಆಗಸ್ಟ್ ನಡುವಿನಲ್ಲಿ ಅವರಿಗೆಲ್ಲ ಒಂದು ಮೆಸೇಜ್ ಹಾಕಿ ನೋಡಿ. ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸಿದರೆ ಪುಡಿಯ ಘಮ ಹೋಗುವ ಮೊದಲೇ ಅವರ ಕೈಗೆ ಸಿಗುತ್ತದೆ.

ಇನ್ನು ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲಿ ಸುಮ್ನೆ 'ಕೂರ್ಗ್ ಹನಿ' ಅಂತ ಹುಡುಕಿ. ಸಾಲು ಸಾಲು ಬಾಟಲಿ. ನಿಮ್ಮ ಜೇನನ್ನು ಅಲ್ಲಿ ಯಾರೂ ಬೆರಳಲ್ಲಿ ನೆಕ್ಕಿ ನೋಡುವುದಿಲ್ಲ, ಬೆಲೆ ನೋಡಿ ಮುಂದೆ ಹೋಗುತ್ತಾರೆ. ಸಣ್ಣ ತೋಟದವರು ಆ ಪೈಪೋಟಿಗೆ ಇಳಿದು ನಷ್ಟ ಮಾಡಿಕೊಳ್ಳುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ.

ಲೆಕ್ಕಪತ್ರವೂ ಹತ್ತಿರದ ಗಿರಾಕಿಯಾದರೆ ಹಗುರ. ಕರ್ನಾಟಕದ ಒಳಗೆ ಮಾತ್ರ ಸರಕು ಮಾರಿದರೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಗಡಿಯ ಕುಟ್ಟ ದಾಟಿ ಕೇರಳದ ವಯನಾಡಿಗೆ ಒಂದು ಪ್ಯಾಕೆಟ್ ಮಾರಿದರೂ ನೋಂದಣಿ ಕಡ್ಡಾಯ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಥವಾ ಪರವಾನಗಿ ಮಾತ್ರ ಎಲ್ಲಿ ಮಾರಿದರೂ ಬೇಕು. ಹೊರದೇಶಕ್ಕಾದರೆ ಆಮದು-ರಫ್ತು ಕೋಡ್ ಪಡೆಯಬೇಕು, ಕಾಫಿಗೆ ಕಾಫಿ ಮಂಡಳಿಯಲ್ಲಿ, ಮೆಣಸಿಗೆ ಸಾಂಬಾರ ಮಂಡಳಿಯಲ್ಲಿ ಹೆಸರು ಬರೆಸಬೇಕು. ಅಮೆರಿಕಕ್ಕೆ ತಿನ್ನುವ ಪದಾರ್ಥ ಹೋಗುವ ಮೊದಲೇ ಅಲ್ಲಿನ ಆಹಾರ ಇಲಾಖೆಗೆ ತಿಳಿಸಬೇಕು. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿಯನ್ನೂ ಅವರು 2025ರ ಆಗಸ್ಟ್ 29ರಿಂದ ನಿಲ್ಲಿಸಿದರು.

ಸಾಗಣೆಯ ಲೆಕ್ಕ ಇನ್ನೊಂದು. ಒಮ್ಮೆ ನಾನು ಕಾಫಿಪುಡಿ, ಒಂದು ಬಾಟಲಿ ಕಾಚಂಪುಳಿ ಎರಡನ್ನೂ ಕೈಗೆ ಸಿಕ್ಕ ದೊಡ್ಡ ಬಾಕ್ಸ್‌ನಲ್ಲಿ ಇಟ್ಟು, ಸುತ್ತ ಹಳೇ ಪೇಪರ್ ತುರುಕಿ ಕೊರಿಯರ್‌ಗೆ ಒಯ್ದೆ. ತಕ್ಕಡಿ ಒಂದೂವರೆ ಕಿಲೋ ತೋರಿಸಿತು. ಬಿಲ್ ಬಂದದ್ದು 5.4 ಕಿಲೋಗೆ! ಬಾಕ್ಸ್‌ನ ಉದ್ದ, ಅಗಲ, ಎತ್ತರ ಮೂರೂ 30 ಸೆಂಟಿಮೀಟರ್. ಕೊರಿಯರ್‌ನವರ ಲೆಕ್ಕದಂತೆ ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ 5.4. ತೂಕ ಕಡಿಮೆ ಇದ್ದು ಬಾಕ್ಸ್ ದೊಡ್ಡದಾದರೆ ಹಣ ತೆರುವುದು ಬಾಕ್ಸ್‌ನ ಗಾತ್ರಕ್ಕೆ. ಹೊರದೇಶದ ದರದಲ್ಲಿ ಈ ತಪ್ಪಾದರೆ ಲಾಭವೆಲ್ಲ ಅಲ್ಲೇ ಹೋಗುತ್ತದೆ, ಅಲ್ವಾ?

ಕಾಫಿ ಕವರ್ ಬಗ್ಗೆಯೂ ಒಂದು ಮಾತು. ಹುರಿದ ಬೀಜದಿಂದ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಹೊರಬರುತ್ತಲೇ ಇರುತ್ತದೆ. ಬಿಸಿ ಆರಿದ ಕೂಡಲೇ ಮಾಮೂಲಿ ಕವರ್‌ಗೆ ತುಂಬಿ ಸೀಲ್ ಮಾಡಿದರೆ ಬಲೂನಿನ ಹಾಗೆ ಉಬ್ಬುತ್ತದೆ. ಗಾಳಿಯನ್ನು ಹೊರಗೆ ಮಾತ್ರ ಬಿಡುವ ವಾಲ್ವ್ ಇರುವ ಪೌಚ್ ತರಿಸಿ.

ಎರಡು ವರ್ಷ ಹೀಗೆ ನಡೆಸಿದ ಮೇಲೆ ಹೊರದೇಶಕ್ಕೆ ಮಾರಲು ಅಕ್ಕನ ಮಗನಿಗೆ ಕಾಳುಮೆಣಸು ಒಂದನ್ನೇ ಕೊಡಿ. ಅದು ಒಡೆಯುವುದಿಲ್ಲ, ಸೋರುವುದಿಲ್ಲ, ತಿಂಗಳು ಕಳೆದರೂ ಘಾಟು ಹೋಗುವುದಿಲ್ಲ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಸಣ್ಣ ರಫ್ತುದಾರರ ಕಾಗದಪತ್ರಕ್ಕೆ ಸಹಾಯ ಸಿಗುತ್ತದೆ. ಜೇನು ಬೇಡ. ಅದನ್ನು ಪ್ರಾಣಿಜನ್ಯ ಆಹಾರ ಅಂತ ಲೆಕ್ಕ ಹಾಕುವುದರಿಂದ ಯುರೋಪಿನಲ್ಲಿ ನಿಯಮ ತುಂಬಾ ಬಿಗಿ.

ಪ್ರಶ್ನೆ: ಜುಲೈ ಮಳೆಯಲ್ಲಿ ಪಾರ್ಸೆಲ್ ತಡವಾಗಿ ಹೊರಗಿನ ಗಿರಾಕಿಗಳು ವಾಪಸ್ ಕಳಿಸುತ್ತಾರೆ. ಏನು ಮಾಡಲಿ? (ಸೋಮವಾರಪೇಟೆ)

ಉತ್ತರ: ನಮ್ಮ ಜಿಲ್ಲೆಗೆ ರೈಲಿಲ್ಲ, ಎಲ್ಲವೂ ರಸ್ತೆಯಲ್ಲೇ ಹೋಗಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಹೋಗಿದ್ದನ್ನು ನಾವು ಮರೆತಿಲ್ಲ. ಬೇರೆ ಊರಿನವರಿಗೆ ಇದು ಗೊತ್ತಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಲುಪಲು ಮೂರು ದಿನ ಜಾಸ್ತಿ ಬೇಕು ಅಂತ ಬೆಲೆಯ ಪಕ್ಕದಲ್ಲೇ ಬರೆಯಿರಿ. ಆ ನಾಲ್ಕು ತಿಂಗಳು ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಿ. ವಾಪಸ್ ಬಂದರೆ ಹೋಗುವ, ಬರುವ ಎರಡೂ ಖರ್ಚು ನಿಮ್ಮ ತಲೆ ಮೇಲೆ.